ಸಂಕಕ್ಕೆ ಮೊದಲ ಹೊರೆ

ನನಗೆ ಊರು ನೋಡುವ ಹುಚ್ಚಿಲ್ಲ. ಸಾಗರದ ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ನನ್ನದೊಂದು ಹೊಲಿಗೆ ಅಂಗಡಿ ಇದೆ. ಜಲಪಾತ ನೋಡಲು ಬಂದ ಪ್ರವಾಸಿಗರು ಕಿತ್ತುಹೋದ ಬ್ಯಾಗಿನ ಜಿಪ್ಪು ಹಾಕಿಸಿಕೊಳ್ಳಲು ಅಲ್ಲಿಗೆ ಬರುತ್ತಾರೆ. ಕೆಲಸ ಮುಗಿಯುವ ತನಕ ನಿಂತಲ್ಲೇ ನಿಂತು, ನೋಡಿ ಬಂದದ್ದನ್ನೆಲ್ಲ ಫೋನಿನಲ್ಲಿ ಮತ್ತೊಮ್ಮೆ ನೋಡುತ್ತಾರೆ. ಕಣ್ಣೆದುರು ಇದ್ದಾಗ ನೋಡದೆ ಅಂಗೈಯಲ್ಲಿ ನೋಡುವುದಾದರೆ ಅಷ್ಟು ದೂರ ಯಾಕೆ ಬರಬೇಕು ಅಂತ ಒಂದೆರಡು ಸಲ ಬಾಯಿಬಿಟ್ಟು ಕೇಳಿಯೂ ಇದ್ದೇನೆ. ಕೇಳಿಸಿಕೊಂಡವರು ಮತ್ತೆ ನನ್ನ ಅಂಗಡಿ ಹತ್ತಿಲ್ಲ.

ಇಂಥ ನನ್ನನ್ನು ಒಂದು ದಿನ ಪೂರ್ತಿ ಊರು ತೋರಿಸಲು ಕರೆದುಕೊಂಡು ಹೋದವಳು ಒಬ್ಬ ಅಜ್ಜಿ. ಅದೂ ಹೊಸನಗರ ತಾಲ್ಲೂಕಿನ ಕಾಡಿನ ನಡುವೆ, ಏಳೆಂಟು ಮನೆಗಳಿರುವ, ಹೆಸರಿನ ಬೋರ್ಡು ಕೂಡ ಇಲ್ಲದ ಒಂದು ಕೇರಿಯಲ್ಲಿ. ಅಲ್ಲಿಯ ಜನ ಬುಟ್ಟಿ ಹೆಣೆಯುವವರು, ಚಾಪೆ ನೇಯುವವರು, ಕೂಲಿಗೆ ಹೋಗುವವರು. ನಾವು ಅಲ್ಲಿಗೆ ಕಾಲುಸಂಕ, ಅಂದರೆ ಹಳ್ಳ ದಾಟುವ ಕಾಲುಸೇತುವೆ, ಕಟ್ಟಲು ಹೋಗಿದ್ದೆವು.

ನಮ್ಮದೊಂದು ಸಣ್ಣ ತಂಡ. ಸಾಗರ, ತೀರ್ಥಹಳ್ಳಿ ಕಡೆಯವರು, ವರ್ಷಕ್ಕೊಮ್ಮೆ ಬೇಸಿಗೆಯ ಕೊನೆಯಲ್ಲಿ ಸ್ವಂತ ಕೆಲಸಕ್ಕೆ ಬಾಗಿಲು ಹಾಕಿ ಬರುವವರು. ಹಳ್ಳ ತುಂಬಿದರೆ ದಾರಿ ಕಡಿದುಹೋಗುವ ಯಾವುದಾದರೂ ಕೇರಿಗೆ ಹೋಗಿ, ಮಳೆ ಹಿಡಿಯುವುದರೊಳಗೆ ಒಂದು ಸಂಕ ಕಟ್ಟಿಕೊಟ್ಟು ಬರುತ್ತೇವೆ. ಆ ಸಲ ಭಾರದ ಕೆಲಸ ಮುಗಿದ ಮೇಲೆ ಹೆಚ್ಚಿನವರು ಬಸ್ಸು ಹತ್ತಿದ್ದರು. ಕೊನೆಯ ತನಕ ಉಳಿದವರು ನಾಲ್ಕು ಜನ. ಒಬ್ಬ ಸಾಗರದ ಗ್ಯಾರೇಜಿನವನು. ಸಂಕದ ನಕ್ಷೆ, ಕಬ್ಬಿಣದ ಹಗ್ಗ, ಬೋಲ್ಟು ಎಲ್ಲ ಅವನ ತಲೆಯದ್ದೇ. ಇನ್ನೊಬ್ಬರು ನಿವೃತ್ತ ಭೂಗೋಳದ ಮೇಷ್ಟ್ರು. ಮತ್ತೊಬ್ಬಳು ತೀರ್ಥಹಳ್ಳಿಯ ನರ್ಸ್. ನಾಲ್ಕನೆಯವಳು ನಾನು. ಸಂಕದ ಎರಡೂ ಬದಿಗೆ ನೈಲಾನ್ ಹಗ್ಗದ ಬಲೆ ಹೆಣೆಯುವುದು ನನ್ನ ಪಾಲಿನ ಕೆಲಸ. ಬಟ್ಟೆ ಹೊಲಿಯುವವಳಿಗೆ ಗಂಟು ಹಾಕುವುದು ಬರುತ್ತದೆ ಅಂತ ಗ್ಯಾರೇಜಿನವನು ತೀರ್ಮಾನಿಸಿದ್ದ. ಬರುತ್ತದೆ ಕೂಡ.

ಆ ಕೇರಿಗೂ ಟಾರು ರಸ್ತೆಗೂ ನಡುವೆ ಒಂದು ಹಳ್ಳ. ಬೇಸಿಗೆಯಲ್ಲಿ ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟು ದಾಟಬಹುದು. ಮಳೆಗಾಲದಲ್ಲಿ ಅದು ಬೇರೆಯೇ ಆಸಾಮಿ. ಮೊದಲು ಅಡಿಕೆ ಮರದ ಎರಡು ಬೊಡ್ಡೆ ಜೋಡಿಸಿದ ಸಂಕ ಇತ್ತಂತೆ. ಹಿಂದಿನ ಮಳೆಗಾಲದಲ್ಲಿ ಅದು ಕೊಚ್ಚಿಕೊಂಡು ಹೋದ ವಾರದಲ್ಲೇ ಅಜ್ಜಿಗೆ ಜ್ವರ ಬಂತು. ಕೇರಿಯವರು ಅವಳನ್ನು ಕಂಬಳಿಯಲ್ಲಿ ಮಲಗಿಸಿ, ಬಿದಿರಿಗೆ ಕಟ್ಟಿ, ಗುಡ್ಡ ಸುತ್ತಿ ಹೊತ್ತುಕೊಂಡು ಹೋಗಿ ಆಸ್ಪತ್ರೆ ಮುಟ್ಟಿಸಿದರು. ಬದುಕಿದಳು. ಆದರೆ ಮಗ ಆ ದಿನವನ್ನು ಮರೆಯಲಿಲ್ಲ.

ಮಗ ತೀರ್ಥಹಳ್ಳಿಯಲ್ಲಿ ಸಾಮಾನಿನ ಆಟೋ ಓಡಿಸುತ್ತಾನೆ. ಕೇರಿಯಲ್ಲಿ ಅಜ್ಜಿಯ ಜೊತೆ ಇರುವುದು ಮಗಳು, ಅಳಿಯ. ನಾವು ಸಂಕದ ಕೆಲಸದಲ್ಲಿರುವಾಗಲೇ ಮಗ ಬಂದು, ಟಾರು ರಸ್ತೆಯಲ್ಲಿ ಆಟೋ ನಿಲ್ಲಿಸಿ, ಅಮ್ಮನ ಸೀರೆ ಕಂಬಳಿಗಳನ್ನೆಲ್ಲ ಒಂದು ತಗಡಿನ ಟ್ರಂಕಿಗೆ ತುಂಬಿ ಜಗಲಿಯಲ್ಲಿ ಇಟ್ಟುಬಿಟ್ಟ. ಮಳೆಗೆ ಮೊದಲು ಅವಳನ್ನು ತೀರ್ಥಹಳ್ಳಿಗೆ ಕರೆದುಕೊಂಡು ಹೋಗಿ ಅಲ್ಲೇ ಇಟ್ಟುಕೊಳ್ಳುವುದು ಅವನ ಹಟ. ನಾನು ಅಜ್ಜಿಯ ಮನೆಯಲ್ಲೇ ಮಲಗುತ್ತಿದ್ದುದರಿಂದ ತಾಯಿ ಮಗನ ಜಗಳವೆಲ್ಲ ನನ್ನ ಕಿವಿಗೆ ಬಿತ್ತು.

"ಹೋದ್ಸಲ ಒಂದು ತಿಂಗ್ಳು ಇದ್ದು ನೋಡಿದ್ನಲ್ಲ ಮಾರಾಯ. ಬಾಗ್ಲು ತೆಗುದ್ರೆ ಬಸ್ಸು, ಬಾಗ್ಲು ಹಾಕಿದ್ರೆ ಟಿ.ವಿ. ನಾನು ಬರಲ್ಲ," ಅಂದಳು ಅಜ್ಜಿ.

"ಮತ್ತೆ ಜ್ವರ ಬಂದ್ರೆ ಎಂತ ಮಾಡದು? ಮತ್ತೆ ಹೊರದಾ?" ಅಂದ ಮಗ.

"ಸಂಕ ಆತಲ್ಲ."

"ಸಂಕ ಆದ್ರೆ ಆತಾ? ದಾಟೋ ಕಾಲು ಬೇಕಲ್ಲ."

ಆ ಮಾತು ಅಜ್ಜಿಗೆ ಎಲ್ಲಿ ತಾಗಬೇಕೋ ಅಲ್ಲಿ ತಾಗಿತು. ಎಪ್ಪತ್ತರ ಹತ್ತಿರದ ಹೆಂಗಸು. ಬೆನ್ನು ಬಾಗಿದೆ, ಎಡಗಾಲು ಸ್ವಲ್ಪ ಎಳೆಯುತ್ತದೆ. ಬಾಯಿ ಮಾತ್ರ ಎಲ್ಲೂ ಬಾಗಿಲ್ಲ. ಕೊನೆಗೆ ಇಬ್ಬರೂ ಒಂದು ಮಾತಿಗೆ ಬಂದರು. ಅಜ್ಜಿ ಯಾರ ಕೈಯೂ ಹಿಡಿಯದೆ ಸಂಕ ದಾಟಿದರೆ ಟ್ರಂಕು ಒಳಗೆ ಹೋಗುತ್ತದೆ; ದಾಟದಿದ್ದರೆ ಆಟೋಕ್ಕೆ ಹೋಗುತ್ತದೆ. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಆದರೆ ಅಜ್ಜಿ ತನ್ನ ಕಡೆಯಿಂದ ಒಂದನ್ನು ಸೇರಿಸಿದಳು.

"ಹೊರೆ ಹೊತ್ತೇ ದಾಟ್ತೀನಿ. ಬರಿಗೈಯಲ್ಲಿ ದಾಟಕ್ಕೆ ನಾನೇನು ನೆಂಟ್ಳಾ?"

ಅದು ಆ ಕೇರಿಯ ಪದ್ಧತಿ. ಹೊಸ ಸಂಕದ ಮೇಲೆ ಮೊದಲು ಕಾಲಿಡುವವರು ಆಚೆ ದಡದಿಂದ ಮನೆ ಕಡೆಗೆ, ಮನೆಗೆ ಬೇಕಾದ್ದನ್ನು ಹೊತ್ತುಕೊಂಡು ಬರಬೇಕು. ಸಂಕಕ್ಕೆ ಮೊದಲ ಹೊರೆ ಅಂತ ಅದಕ್ಕೆ ಹೆಸರು. ಅಲ್ಲಿ ಬಾಳುವವರು ಹೊರುವವರು. ಬರಿಗೈ ಬೀಸಿಕೊಂಡು ಬಂದು ಹೋಗುವವರು ನೆಂಟರು.

ಇನ್ನೊಂದು ಪದ್ಧತಿ ನಮ್ಮ ಬುಡಕ್ಕೇ ಬಂತು. ಕೊನೆಯ ಗಂಟು ಬಿಗಿದು ನಾನು ಕೈ ಕೊಡವಿಕೊಂಡದ್ದೇ ತಡ, ಅಜ್ಜಿ ನಮ್ಮನ್ನೆಲ್ಲ ಅಲ್ಲಿಂದ ಎಬ್ಬಿಸಿದಳು. ಕಟ್ಟಿದವರ ಕಣ್ಣು ಒಂದು ದಿನ ಸಂಕದ ಮೇಲೆ ಬೀಳಬಾರದಂತೆ. ನನಗೆ ಸಿಟ್ಟು ಬಂತು. ಹೊಸ ಹಗ್ಗ ರಾತ್ರಿಯ ಇಬ್ಬನಿಗೆ ಸಡಿಲಾಗುತ್ತದೆ, ಬೆಳಿಗ್ಗೆ ಮತ್ತೊಮ್ಮೆ ಎಳೆದು ನೋಡಬೇಕು ಅಂತ ವಾದಿಸಿದೆ.

"ನೀನು ಅನ್ನ ಬೇಯಕ್ಕಿಟ್ಟು ಹೊತ್ತುಹೊತ್ತಿಗೂ ಮುಚ್ಚಳ ತೆಗೀತೀಯಾ?" ಅಂತ ಕೇಳಿದಳು ಅಜ್ಜಿ.

ತೆಗೆಯುತ್ತೇನೆ, ಆದರೆ ಹೇಳಲಿಲ್ಲ. ಗ್ಯಾರೇಜಿನವನು ನನ್ನ ಕಡೆ ನೋಡಿ ಸುಮ್ಮನಿರು ಅನ್ನುವಂತೆ ಕಣ್ಣು ಮಾಡಿದ. ಆದರೆ ಅವನ ಮುಖವೂ ಹಿಂಡಿದ ಬಟ್ಟೆಯ ಹಾಗಿತ್ತು. ಒಂದು ಬೋಲ್ಟಿನ ಮೇಲೆ ಅವನಿಗೂ ಅನುಮಾನ ಇತ್ತು ಅಂತ ಆಮೇಲೆ ಗೊತ್ತಾಯಿತು.

"ನಾಳೆ ಇಲ್ಲಿ ಕೂತು ಎಂತ ಮಾಡ್ತೀರಿ? ನಮ್ಮೂರು ತೋರಿಸ್ತೀನಿ ಬನ್ನಿ. ಗುಡ್ಡ ಸುತ್ತಿ ಹೋಗಿ, ಆಚೆ ದಡಕ್ಕೆ ಬಂದು, ಸಂಕ ದಾಟಿ ಮನೆಗೆ ಬರದು. ಹೊರೇನೂ ದಾರೀಲೇ ಆಗ್ತದೆ," ಅಂದಳು.

ನರ್ಸ್ ಮೆಲ್ಲಗೆ, "ಅಜ್ಜಿ, ಸಂಕ ದಾಟೋದೇ ಸಾಕಲ್ಲ, ಗುಡ್ಡ ಯಾಕೆ?" ಅಂದಳು. ಅಜ್ಜಿ ಆಗಲೇ ಬುಟ್ಟಿ ಹುಡುಕಲು ಒಳಗೆ ಹೋಗಿದ್ದಳು. ಮಗ ಮಾತ್ರ ಜಗಲಿಯಲ್ಲಿ ಟ್ರಂಕಿನ ಮೇಲೆ ಕೂತು ತಲೆಯಾಡಿಸಿದ. ಗೆದ್ದೆ ಅಂತ ಅವನಿಗೆ ಆಗಲೇ ಅನ್ನಿಸಿರಬೇಕು.

ಬೆಳಿಗ್ಗೆ ಹೊರಟೆವು. ಅಜ್ಜಿಯ ತಲೆಯ ಮೇಲೆ ಬಟ್ಟೆಯ ಸಿಂಬಿ, ಸಿಂಬಿಯ ಮೇಲೆ ಅವಳೇ ಹೆಣೆದ ಖಾಲಿ ಬುಟ್ಟಿ, ಸೊಂಟಕ್ಕೆ ಎಲೆಯಡಿಕೆಯ ಚೀಲ. ನಾವು ನಾಲ್ಕು ಜನ ಹಿಂದೆ. ಮೊದಲ ಏರಿನಲ್ಲೇ ಅವಳ ಉಸಿರು ನನಗೆ ಕೇಳಿಸತೊಡಗಿತು. ಎರಡು ಹೆಜ್ಜೆ ಹಾಕುವುದು, ಎಡಗಾಲನ್ನು ಎಳೆದುಕೊಳ್ಳುವುದು, ಮತ್ತೆ ಎರಡು ಹೆಜ್ಜೆ. ಹಿಂದಿನಿಂದ ನೋಡುತ್ತಿದ್ದ ನನಗೆ ಕಾಡೂ ಕಾಣಲಿಲ್ಲ, ಗುಡ್ಡವೂ ಕಾಣಲಿಲ್ಲ, ಆ ಎಡಗಾಲು ಮಾತ್ರ ಕಾಣುತ್ತಿತ್ತು.

ಏರು ಮುಗಿದಲ್ಲಿ ಬಂಡೆಯ ಮೇಲೆ ಕೂತಾಗ ನರ್ಸ್ ಅವಳ ಮಣಿಕಟ್ಟು ಹಿಡಿದು ನಾಡಿ ನೋಡಿದಳು. ಅಜ್ಜಿ ಸುಮ್ಮನೆ ಕೈ ಕೊಟ್ಟು ಕೂತಿದ್ದಳು. ಆಮೇಲೆ ನರ್ಸ್‌ನ ಕೈಯನ್ನೇ ಎಳೆದುಕೊಂಡು, "ಎಲ್ಲಿ, ನಿಂದೂ ನೋಡನ," ಅಂದಳು. ಹಾಗೆ ಹಿಡಿದುಕೊಂಡು, ದೂರ ನೋಡುತ್ತ, ಆಸ್ಪತ್ರೆಯಲ್ಲಿ ಡಾಕ್ಟರು ಮಾಡುವ ಮುಖವನ್ನೇ ಮಾಡಿ, "ನಿಂದೇ ಜಾಸ್ತಿ ಓಡ್ತಾ ಇದೆ. ಸ್ವಲ್ಪ ಕೂತ್ಕ," ಅಂದಳು. ಮೇಷ್ಟ್ರು ನಕ್ಕು ನಕ್ಕು ಕೆಮ್ಮಿದರು.

ಗುಡ್ಡದ ಆಚೆ ಇಳಿದರೆ ಶರಾವತಿಯ ಹಿನ್ನೀರು. ಬೇಸಿಗೆಯಲ್ಲಿ ನೀರು ಹಿಂದೆ ಸರಿದು ಕೆಂಪು ನೆಲ ಬಿರಿದಿತ್ತು. ಅಲ್ಲಲ್ಲಿ ಒಣಗಿದ ಮರದ ಬೊಡ್ಡೆಗಳು. ಅಜ್ಜಿ ಆ ಬಿರಿದ ನೆಲದ ಮೇಲೆ ಇಳಿದು, ನೀರಿನ ಅಂಚಿನ ತನಕ ನಡೆದು, ಒಂದು ಕಡೆ ನಿಂತಳು. ಆಚೆ ನೀರಿನ ಮೇಲೆ ಒಂದು ನೀರುಕಾಗೆ ಬೊಡ್ಡೆಯ ತುದಿಯಲ್ಲಿ ಕೂತು ರೆಕ್ಕೆ ಒಣಗಿಸುತ್ತಿತ್ತು.

"ಅಗಾ, ಆ ಹಕ್ಕಿ ಕೂತಿದ್ಯಲ್ಲ, ಅದು ನಮ್ಮನೆ ಹಲಸಿನ ಮರ. ನಾವೀಗ ನಿಂತಿದ್ದು ನಮ್ಮ ಅಂಗಳ. ಡ್ಯಾಮಿನ ನೀರು ಬಂದಾಗ ನಂಗೆ ಹಾಲುಹಲ್ಲು ಬೀಳ್ತಿತ್ತು," ಅಂದಳು.

ನಾನು ಕಾಲ ಕೆಳಗಿನ ನೆಲ ನೋಡಿದೆ. ಚಪ್ಪಲಿ ಬಿಡಬೇಕಾಗಿತ್ತೋ ಏನೋ ಅನ್ನಿಸಿತು. ಮೇಷ್ಟ್ರು ಬಗ್ಗಿ ಒಂದು ಹೆಂಟೆ ಮಣ್ಣು ಎತ್ತಿ ನೋಡಿದರು. ಆಮೇಲೆ, "ನಾನು ಇಷ್ಟು ವರ್ಷ ಬೋರ್ಡಿನ ಮೇಲೆ ಇದನ್ನ ನೀಲಿ ಸೀಮೆಸುಣ್ಣದಲ್ಲಿ ಬಳಿದು ಮಕ್ಕಳಿಗೆ ತೋರಿಸ್ತಿದ್ದೆ," ಅಂದರು.

"ಬಳೀರಿ ಮಾರಾಯ್ರೆ. ಒಳ್ಳೆ ಬಣ್ಣ ಅದು," ಅಂದಳು ಅಜ್ಜಿ. ಅದರಲ್ಲಿ ಕೊಂಕು ಇರಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ, ಬೇರೆ ಯಾರಿಗೂ ಕೇಳದ ಹಾಗೆ ಹೇಳಿದಳು: "ಒಂದ್ಸಲ ನೀರು ಏಳ್ಸ್ತು, ಎದ್ದೆ. ಈಗ ಮಗ ಏಳ್ಸಿದ್ರೆ ಏಳಲ್ಲ."

ಅಲ್ಲಿಂದ ಅವಳು ಎರಡು ಹಿಡಿ ಗಾತ್ರದ ಒಂದು ಉರುಟು ಕಲ್ಲನ್ನು ಎತ್ತಿ ಬುಟ್ಟಿಗೆ ಹಾಕಿಕೊಂಡಳು. ಕಾಯಿ ಜಜ್ಜಲು ಒಳ್ಳೆಯದಂತೆ. ಅದು ಮೊದಲ ಹೊರೆಯ ಮೊದಲ ಸಾಮಾನು. ಸಂಕದ ಮೇಲೆ ಇದನ್ನೂ ಹೊರಬೇಕಲ್ಲ ಅಂತ ನಾನು ಅದರ ತೂಕದ ಲೆಕ್ಕ ಹಾಕಿದೆ.

ಮುಂದೆ ಕಾಡಿನ ನಡುವೆ ದೊಡ್ಡದೊಂದು ಕಾಟುಮಾವಿನ ಮರ. ನೆಲದ ತುಂಬ ಹಣ್ಣು. ಅಜ್ಜಿ ಹಣ್ಣು ಕೊಡುವ ಮೊದಲು ಮರದ ಸುತ್ತ ನಮ್ಮನ್ನು ಒಂದು ಸುತ್ತು ನಡೆಸಿದಳು. ಯಾವ ಕಡೆಯ ಹಣ್ಣು ಹುಳಿ, ಯಾವ ಕಡೆಯದು ಸಿಹಿ, ಯಾವ ಕೊಂಬೆಯ ಕೆಳಗೆ ತನ್ನ ಗಂಡ ತನ್ನನ್ನು ಮೊದಲ ಸಲ ಮಾತಾಡಿಸಿದ, ಎಲ್ಲ ಹೇಳಿದಳು. ಎಂತ ಮಾತಾಡಿಸಿದರು ಅಂತ ನಾನು ಕೇಳಿದೆ.

"ಹಣ್ಣು ಹುಳಿ ಇದ್ಯಾ ಅಂತ ಕೇಳ್ದ. ಇದೆ ಅಂದೆ. ಕೊಡು ಅಂದ."

ನಾವು ರಸ ಸುರಿಸಿಕೊಂಡು ಮಾವು ಚೀಪಿದೆವು. ಗ್ಯಾರೇಜಿನವನು ಬೋಲ್ಟಿನ ಚಿಂತೆ ಬಿಟ್ಟು ಅಂಗಿಯ ತೋಳಿಗೆ ಬಾಯಿ ಒರೆಸಿಕೊಂಡದ್ದನ್ನು ನಾನು ಅವತ್ತೇ ನೋಡಿದ್ದು. ನನಗೂ ಒಂದು ಘಳಿಗೆ ಸಂಕ ಮರೆತೇ ಹೋಯಿತು. ಊರು ನೋಡುವುದು ಅಂದರೆ ಇದು ಅಂತ ಯಾರಾದರೂ ಮೊದಲೇ ಹೇಳಿದ್ದರೆ ನಾನು ಆ ಪ್ರವಾಸಿಗರನ್ನು ಅಷ್ಟು ಬೈಯುತ್ತಿರಲಿಲ್ಲವೇನೋ. ಅಜ್ಜಿ ಬುಟ್ಟಿಯ ಅರ್ಧಕ್ಕೆ ಮಾವು ತುಂಬಿ, ಕೆಳಗಿಟ್ಟು, ನಮಗೆ ಬೆನ್ನು ಹಾಕಿ ಕೂತು ಎಲೆಯಡಿಕೆಯ ಚೀಲ ಬಿಚ್ಚಿದಳು.

ಆಗ ನಾನು ಒಂದು ಕೆಲಸ ಮಾಡಿದೆ. ಸದ್ದಾಗದ ಹಾಗೆ ಬುಟ್ಟಿಗೆ ಕೈ ಹಾಕಿ ಮಾವಿನ ಹಣ್ಣುಗಳನ್ನು ಒಂದೊಂದಾಗಿ ನನ್ನ ಜೋಳಿಗೆಗೆ ಸಾಗಿಸಿದೆ. ಪೂರ್ತಿ ತೆಗೆದರೆ ಗೊತ್ತಾಗುತ್ತದೆ ಅಂತ ಮೇಲೆ ಕಾಣುವಷ್ಟು ಬಿಟ್ಟು, ಕೆಳಗೆ ಸೊಪ್ಪು ತುರುಕಿದೆ. ಪರರಿಗೆ ನೆರವಾಗುವ ಚಟ ಇರುವವರು ಹೀಗೆಯೇ. ಬೇಡ ಅಂದವರಿಗೆ ಕದ್ದಾದರೂ ನೆರವಾಗದೆ ಬಿಡುವುದಿಲ್ಲ. ಅಜ್ಜಿ ಬುಟ್ಟಿ ಎತ್ತಿ ತಲೆಗಿಟ್ಟುಕೊಂಡಳು, ಏನೂ ಹೇಳಲಿಲ್ಲ. ನಡಿಗೆ ಸ್ವಲ್ಪ ಹಗುರಾಯಿತು ಅಂತ ನನಗೆ ಒಳಗೊಳಗೇ ಹೆಮ್ಮೆಯಾಯಿತು.

ಮಧ್ಯಾಹ್ನದ ಹೊತ್ತಿಗೆ ಟಾರು ರಸ್ತೆ ಸಿಕ್ಕಿತು. ಅಜ್ಜಿ ರಸ್ತೆ ಬದಿಯಲ್ಲಿ ನಿಂತು, ಜಲಪಾತ ತೋರಿಸುವವಳ ಗತ್ತಿನಲ್ಲಿ ಕೈ ಚಾಚಿ, "ಇದು ನಮ್ಮ ಬಸ್ ಸ್ಟಾಪು," ಅಂದಳು. ಒಂದು ಮೋರಿಕಟ್ಟೆ, ಅದರ ಎದುರು ಒಂದು ಅಂಗಡಿ, ಅಷ್ಟೇ. ಆದರೂ ಅವಳ ಗತ್ತು ನೋಡಿ ಮೇಷ್ಟ್ರು ನಿಜವಾಗಿಯೂ ಫೋನು ತೆಗೆದು ಮೋರಿಕಟ್ಟೆಯ ಫೋಟೋ ಹೊಡೆದರು. ಅಂಗಡಿಯಲ್ಲಿ ನಾವು ಅವಲಕ್ಕಿ ತಿಂದು ಚಾ ಕುಡಿದೆವು. ಅಜ್ಜಿ ಮಳೆಗಾಲಕ್ಕೆ ಅಂತ ಉಪ್ಪು, ಬೆಲ್ಲ, ಒಂದು ಕಟ್ಟು ಒಣಮೀನು ಕೊಂಡು ಬುಟ್ಟಿ ತುಂಬಿಸಿದಳು. ಮತ್ತೆ ನಮಗೆ ಬೆನ್ನು ಹಾಕಿ ಎಲೆಯಡಿಕೆ ಹಾಕಿಕೊಂಡಳು.

ಅಲ್ಲಿಂದ ಹಳ್ಳಕ್ಕೆ ಇಳಿಜಾರು. ಸ್ವಲ್ಪ ದೂರ ಹೋಗುವುದರೊಳಗೆ ನನ್ನ ಮೂಗಿಗೆ ಒಣಮೀನಿನ ವಾಸನೆ ಬಡಿಯಿತು. ಬುಟ್ಟಿ ಮುಂದೆ ಇತ್ತು. ವಾಸನೆ ಪಕ್ಕದಿಂದ ಬರುತ್ತಿತ್ತು. ಪಕ್ಕದಲ್ಲಿ ನಡೆಯುತ್ತಿದ್ದವಳು ನರ್ಸ್. ಅವಳ ಬಿಳಿ ಬ್ಯಾಗು ಉಬ್ಬಿತ್ತು. ನಾನು ಅವಳನ್ನು ನೋಡಿದೆ, ಅವಳು ನನ್ನ ಜೋಳಿಗೆ ನೋಡಿದಳು. ಅದರ ತಳದಿಂದ ಮಾವಿನ ರಸ ತೊಟ್ಟಿಕ್ಕುತ್ತಿತ್ತು. ಹಿಂದೆ ತಿರುಗಿದರೆ ಮೇಷ್ಟ್ರು ಒಂದು ಭುಜ ವಾಲಿಸಿಕೊಂಡು ಬರುತ್ತಿದ್ದರು. ಉರುಟು ಕಲ್ಲು ಅವರ ಕೈಚೀಲ ಸೇರಿತ್ತು. ಗ್ಯಾರೇಜಿನವನ ಎರಡೂ ಪ್ಯಾಂಟಿನ ಜೇಬಿನಲ್ಲಿ ಉಪ್ಪಿನ ಪೊಟ್ಟಣಗಳು. ಯಾರೂ ಯಾರಿಗೂ ಹೇಳದೆ, ಪ್ರತಿಯೊಬ್ಬರೂ ಪುಣ್ಯ ಕಟ್ಟಿಕೊಂಡದ್ದು ತಾವೊಬ್ಬರೇ ಅಂದುಕೊಂಡಿದ್ದೆವು. ನಾಲ್ಕು ಜನ ಸೇರಿ ಅಜ್ಜಿಯ ಹೊರೆಯನ್ನೇ ಖಾಲಿ ಮಾಡಿದ್ದೆವು.

ಆಚೆ ದಡದಲ್ಲಿ ಮಗ ಕಾಯುತ್ತಿರುತ್ತಾನೆ. ಬುಟ್ಟಿ ಇಳಿಸಿ ನೋಡಿದರೆ ಒಂದಿಷ್ಟು ಸೊಪ್ಪು, ನಾಲ್ಕು ಮಾವು, ಒಂದಚ್ಚು ಬೆಲ್ಲ. ಇದೇನಮ್ಮಾ ಹೊರೆ, ಇದನ್ನು ಹೊತ್ತು ಬಂದು ಗೆದ್ದೆ ಅಂತೀಯಾ ಅಂದರೆ ಅವಳು ಏನು ಹೇಳಬೇಕು? ಒಬ್ಬ ಹೆಂಗಸು ತನ್ನ ಊರಲ್ಲೇ ಉಳಿಯಲು ದಿನವಿಡೀ ಗುಡ್ಡ ಹತ್ತಿ ಇಳಿದಿದ್ದಾಳೆ, ನಾವು ಅವಳ ಕಾಲ ಕೆಳಗಿನ ಮಣ್ಣನ್ನು ಜೇಬಿಗೆ ತುಂಬಿಕೊಂಡು ಬಂದಿದ್ದೇವೆ. ನಿಲ್ಲಿಸಿ ಹೇಳಿಬಿಡೋಣ ಅಂದುಕೊಂಡೆ. ಅಷ್ಟರಲ್ಲಿ ಮರಗಳ ನಡುವೆ ನಮ್ಮ ಸಂಕ ಕಂಡಿತು.

ನಾವು ಬಿಟ್ಟು ಹೋದ ಹಾಗೆಯೇ ಇತ್ತು. ಕೇರಿಯವರು ಅದರ ಎರಡೂ ತುದಿಗೆ ಮಾವಿನ ಸೊಪ್ಪು ಕಟ್ಟಿದ್ದರು. ಆಚೆ ದಡದಲ್ಲಿ ಇಡೀ ಕೇರಿಯೇ ನಿಂತಿತ್ತು. ಮಗಳು ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಿದ್ದಳು. ಎಲ್ಲರ ಮುಂದೆ ಮಗ, ಕೈ ಕಟ್ಟಿಕೊಂಡು. ಅವನ ಹಿಂದೆ ದಿಬ್ಬದ ಮೇಲೆ ಮನೆಯ ಜಗಲಿ, ಜಗಲಿಯಲ್ಲಿ ಟ್ರಂಕು.

ಅಜ್ಜಿ ಸಂಕದ ಬುಡದಲ್ಲಿ ಬುಟ್ಟಿ ಇಳಿಸಿದಳು. ಬಟ್ಟೆಯ ಸಿಂಬಿಯನ್ನು ಬಿಚ್ಚಿ ಕೊಡವಿ ಮತ್ತೆ ಸುತ್ತಿದಳು. ಆಮೇಲೆ ನಮ್ಮ ನಾಲ್ವರ ಮುಖವನ್ನೂ ಒಮ್ಮೆ ನೋಡಿ, "ಈಗ ಹಾಕಿ," ಅಂದಳು.

"ಎಂತ ಅಜ್ಜಿ?" ಅಂದ ಗ್ಯಾರೇಜಿನವನು.

"ನೀವು ತೆಗ್ದಿದ್ದು."

ಅವಳ ಬಾಯಿ ಎಲೆಯಡಿಕೆಯಿಂದ ಕೆಂಪಾಗಿತ್ತು, ಕಣ್ಣಲ್ಲಿ ನಗು ಕುಣಿಯುತ್ತಿತ್ತು.

"ನಾನು ಅಷ್ಟು ಸಲ ಎಲೆ ಹಾಕವ್ಳೇ ಅಲ್ಲ ಮಾರಾಯ್ರೆ. ನೀವು ತಕ್ಕಳ್ಳಿ ಅಂತಾನೇ ಆಚೆ ತಿರುಗಿ ಕೂತಿದ್ದು. ಗುಡ್ಡದ ಮೇಲೆಲ್ಲ ಇದನ್ನ ಹೊತ್ರೆ ಇಲ್ಲಿಗೆ ಬರದ್ರೊಳಗೆ ನನ್ ಕಾಲು ಸೋತು ಹೋಗ್ತಿತ್ತು. ಸಂಕಕ್ಕೆ ತಾನೆ ಹೊರೆ ಬೇಕಾಗಿದ್ದು, ಗುಡ್ಡಕ್ಕಲ್ವಲ್ಲ. ಇಷ್ಟು ದೂರ ತಂದು ಕೊಟ್ರಿ, ಉಪಕಾರ ಆತು."

ನಾವು ಅವಳಿಗೆ ಗೊತ್ತಾಗದ ಹಾಗೆ ನೆರವಾಗುತ್ತಿದ್ದೇವೆ ಅಂದುಕೊಂಡರೆ, ನಾಲ್ಕು ಜನ ಹಮಾಲಿಗಳನ್ನು ಗೊತ್ತುಮಾಡಿಕೊಂಡು ಅವಳು ಆರಾಮಾಗಿ ಬಂದಿದ್ದಳು. ಮೇಷ್ಟ್ರು ಕಲ್ಲು ಹಾಕಿದರು. ಗ್ಯಾರೇಜಿನವನು ಜೇಬಿನಿಂದ ಉಪ್ಪು ತೆಗೆದ. ನರ್ಸ್ ಮೂಗು ಮುಚ್ಚಿಕೊಂಡು ಒಣಮೀನಿನ ಕಟ್ಟು ಇಟ್ಟಳು. ನಾನು ಸೊಪ್ಪು ಕಿತ್ತೆಸೆದು ಮಾವು ಸುರಿದೆ. ಆಚೆ ದಡದವರಿಗೆ ಇದೆಲ್ಲ ಕಾಣುತ್ತಲೇ ಇತ್ತು, ಅವರಿಗೆ ಕಾಣಲಿ ಅನ್ನುವುದೇ ಅಜ್ಜಿಗೂ ಬೇಕಾಗಿತ್ತು. ಬುಟ್ಟಿ ಎತ್ತಿಕೊಡಲು ನಾನು ಕೈ ಹಾಕಿದೆ. ತಲೆಯ ಹೊರೆ ಎತ್ತಿಕೊಡುವುದಕ್ಕೆ ಯಾರಾದರೂ ಬೇಕೇ ಬೇಕು, ಅದಕ್ಕೆ ಅವಳ ಅಭ್ಯಂತರ ಇರಲಿಲ್ಲ. ಭಾರ ಸಿಂಬಿಯ ಮೇಲೆ ಕೂತಾಗ ಅವಳ ಕುತ್ತಿಗೆ ಒಮ್ಮೆ ನಡುಗಿ ಗಟ್ಟಿಯಾಯಿತು.

ಒಂದು ಕೈ ಬುಟ್ಟಿಗೆ ಕೊಟ್ಟು, ಇನ್ನೊಂದು ಕೈಯನ್ನು ಕಬ್ಬಿಣದ ಹಗ್ಗಕ್ಕೆ ಚಾಚಿದಳು. ಆಗ ನಾನು ನೋಡಿದೆ. ಕೈಹಿಡಿಯ ಹಗ್ಗವನ್ನು ನಾವು ನಮ್ಮ ಎತ್ತರಕ್ಕೆ ಕಟ್ಟಿದ್ದೆವು. ಬೆನ್ನು ಬಾಗಿದ ಅವಳಿಗೆ ಅದು ಹೆಗಲಿಗಿಂತ ಮೇಲೆ. ಅಳತೆ ತೆಗೆಯುವುದೇ ಕಸುಬಾದ ನಾನು, ಯಾರಿಗಾಗಿ ಕಟ್ಟಿದೆವೋ ಅವಳ ಅಳತೆ ತೆಗೆದಿರಲಿಲ್ಲ. ಅಜ್ಜಿಯ ಕೈ ಗಾಳಿಯಲ್ಲಿ ಒಮ್ಮೆ ತಡಕಾಡಿ, ಕೆಳಗೆ ಇಳಿದು, ನಾನು ಹೆಣೆದ ನೈಲಾನ್ ಬಲೆಯ ಒಂದು ಗಂಟನ್ನು ಹಿಡಿದುಕೊಂಡಿತು. ನಾನು ಹಾಕಿದ ಎಲ್ಲ ಗಂಟುಗಳ ಮೇಲೆ ನನ್ನ ಜೀವ ಬಂದು ಕೂತಿತು.

ಎರಡು ಹೆಜ್ಜೆ, ಎಡಗಾಲು ಎಳೆತ. ಮತ್ತೆ ಎರಡು ಹೆಜ್ಜೆ. ಒಂದು ಗಂಟು ಬಿಟ್ಟು ಮುಂದಿನ ಗಂಟು. ಹಲಗೆ ಒಂದು ಕಿರುಗುಟ್ಟಿತು. ಗ್ಯಾರೇಜಿನವನು ನನ್ನ ತೋಳನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದ ಅಂದರೆ ಮಾರನೇ ದಿನ ಅಲ್ಲಿ ನೀಲಿ ಕಲೆ ಇತ್ತು. ಸರಿಯಾಗಿ ನಡುವಿಗೆ ಬಂದಾಗ ಅಜ್ಜಿ ನಿಂತಳು.

ಕಾಲು ಸೋತಿತು ಅಂತಲೇ ನಾನು ಅಂದುಕೊಂಡೆ. ಮಗನೂ ಹಾಗೇ ಅಂದುಕೊಂಡಿರಬೇಕು. ಕಟ್ಟಿದ್ದ ಕೈ ಬಿಚ್ಚಿ ಸಂಕದ ಮೇಲೆ ಒಂದು ಕಾಲಿಟ್ಟ. ಅವನ ಮುಖದಲ್ಲಿ ಗೆದ್ದ ಗುರುತು ಇರಲಿಲ್ಲ. ಹೆದರಿದ ಮಗನ ಮುಖ ಅದು.

"ಅಲ್ಲೇ ನಿಲ್ಲು. ನಂಗೆಂತ ಆಗಿಲ್ಲ," ಅಂದಳು ಅಜ್ಜಿ.

"ಮತ್ತೆ ಯಾಕೆ ನಿಂತೆ ಅಮ್ಮಾ?"

ಅವಳು ಬುಟ್ಟಿ ಅಲುಗದ ಹಾಗೆ ಮೆಲ್ಲಗೆ ಕಣ್ಣು ತಿರುಗಿಸಿ ಹಳ್ಳದ ಮೇಲುಗಡೆ ನೋಡಿದಳು, ಕೆಳಗಡೆ ನೋಡಿದಳು. ಕೆಳಗೆ ಬೇಸಿಗೆಯ ನೀರು ಕಲ್ಲುಗಳ ನಡುವೆ ಹೊಳೆಯುತ್ತ ಹೋಗುತ್ತಿತ್ತು.

"ಹಳ್ಳ ನೋಡ್ತಾ ಇದೀನಿ ಕಣೋ. ಅಡಿಕೆ ಮರದ ಸಂಕದ ಮೇಲೆ ಕಾಲು ನೋಡ್ಕಂಡು ದಾಟದ್ರಲ್ಲೇ ಆಯಸ್ಸು ಮುಗೀತು. ನಡುಮಧ್ಯ ನಿಂತು ತಲೆ ಎತ್ತಿ ಒಂದಿನ ನೋಡಿರ್ಲಿಲ್ಲ. ಹಿಂಗೆ ಕಾಣುತ್ತೆ ಅಂತ ಗೊತ್ತೇ ಇರ್ಲಿಲ್ಲ."

ದಿನವಿಡೀ ನಮಗೆ ಊರು ತೋರಿಸಿದವಳು ಕೊನೆಯಲ್ಲಿ ತಾನೂ ಒಂದು ಜಾಗ ನೋಡಿದಳು. ಅದನ್ನು ಅವಳಿಗೆ ತೋರಿಸಿದವರು ನಾವು. ಗ್ಯಾರೇಜಿನವನು ನನ್ನ ತೋಳು ಬಿಟ್ಟು ಕಣ್ಣಿಗೆ ಕಸ ಬಿದ್ದವನ ಹಾಗೆ ಮುಖ ತಿರುಗಿಸಿದ. ಆಮೇಲೆ ಅಜ್ಜಿ ಉಳಿದ ಅರ್ಧವನ್ನು ಕಾಲು ನೋಡದೆ ದಾಟಿದಳು. ಆಚೆ ದಡದ ಮಣ್ಣಿನ ಮೇಲೆ ಎರಡೂ ಕಾಲು ಊರಿದಾಗ ಕೇರಿಯವರು ಕೂಗಿದ ಕೂಗಿಗೆ ಮರದ ಮೇಲಿನ ಹಕ್ಕಿಗಳೆಲ್ಲ ಎದ್ದವು. ಮಗಳು ಅಳುತ್ತ ನಗುತ್ತ ಅವಳನ್ನು ತಬ್ಬಿಕೊಳ್ಳಲು ಹೋದಳು.

"ಮೊದ್ಲು ಬುಟ್ಟಿ ಇಳ್ಸು ಮಾರಾಯ್ತಿ," ಅಂದಳು ಅಜ್ಜಿ.

ಬುಟ್ಟಿ ಇಳಿಸಿದವನು ಮಗ. ಕೈಯಲ್ಲಿ ಹಿಡಿದು ಅದರ ತೂಕವನ್ನು ಒಂದು ಕ್ಷಣ ತೂಗಿ ನೋಡಿದ, ಒಳಗೆ ಇಣುಕಿ ಕಲ್ಲು ನೋಡಿದ. ಅಮ್ಮನ ಮುಖ ನೋಡಿದ. ದಿಬ್ಬ ಹತ್ತಿ ಹೋಗಿ, ಜಗಲಿಯ ಟ್ರಂಕನ್ನು ಎತ್ತಿ ಒಳಗೆ ಇಟ್ಟು ಬಂದ. ಬಂದವನು ತಂಗಿಗೆ ಹೇಳಿದ್ದು ಒಂದೇ ಮಾತು: "ಇಲ್ಲಿರೋ ಕಟ್ಟಿಗೆ ಮಳೆಗಾಲಕ್ಕೆ ಸಾಲಲ್ಲ. ಇನ್ನೊಂದಿಷ್ಟು ತರ್ಬೇಕು."

ನಾವು ನಾಲ್ವರೂ ಇನ್ನೂ ಈಚೆ ದಡದಲ್ಲೇ ನಿಂತಿದ್ದೆವು. ಅಜ್ಜಿಗೆ ಆಗ ನಮ್ಮ ನೆನಪಾಯಿತು. ತಿರುಗಿ, ಸೊಂಟಕ್ಕೆ ಕೈ ಕೊಟ್ಟು, ನಾವೇ ಕಟ್ಟಿದ ಸಂಕವನ್ನು ತೋರಿಸಿ ಕರೆದಳು: "ಬನ್ನಿ, ಹೆದ್ರಬ್ಯಾಡಿ. ಗಟ್ಟಿ ಇದೆ."

ಮಾರನೇ ದಿನ ಕೈಹಿಡಿಯ ಕೆಳಗೆ ಅವಳ ಎತ್ತರಕ್ಕೆ ಇನ್ನೊಂದು ಹಗ್ಗ ಕಟ್ಟಿದೆ. ಈ ಸಲ ಟೇಪು ಹಿಡಿದು ಅಳತೆ ತೆಗೆದೇ ಕಟ್ಟಿದ್ದು. ರವಿಕೆಗೆ ಅಳತೆ ಕೊಡುವವಳ ಹಾಗೆ ಅವಳು ಸಂಕದ ಮೇಲೆ ಕೈ ಚಾಚಿ ನಿಂತಿದ್ದಳು. ಆ ಬದಿಗಿಷ್ಟು ಈ ಬದಿಗಿಷ್ಟು ಅಂತ ತಕರಾರು ಬೇರೆ. ಕೆಲಸ ಮುಗಿಸಿ, ಚೀಲ ಹೆಗಲಿಗೆ ಹಾಕಿ, ಸಾಗರದ ಬಸ್ಸಿಗೆ ಹೊತ್ತಾಯಿತು ಅಂತ ನಾನು ಹೊರಟೆ. ಅಜ್ಜಿ ಏನಾದರೂ ಹೇಳುತ್ತಾಳೆ, ಒಳ್ಳೆಯದಾಗಲಿ ಅಂತಲೋ, ಮತ್ತೆ ಬಾ ಅಂತಲೋ ಹೇಳುತ್ತಾಳೆ ಅಂತ ಕಾದೆ. ಅವಳು ಒಳಗೆ ಹೋಗಿ, ಒಂದರೊಳಗೊಂದು ಇಟ್ಟು ಕಟ್ಟಿದ ಬುಟ್ಟಿಗಳ ಹೊರೆ ತಂದು ನನ್ನ ಎದುರು ಇಳಿಸಿದಳು. ಮಾರಾಟಕ್ಕೆ ಹೆಣೆದವು.

"ಹೆಂಗೂ ಆಚೆ ಹೋಗ್ತೀಯಲ್ಲ, ಇದನ್ನ ಅಂಗ್ಡಿಗೆ ಕೊಟ್ಟು ಹೋಗು."

ನಮ್ಮ ತಂಡದ ಕೆಲಸಕ್ಕೆ ನನಗೆ ಶಾಲು ಹೊದಿಸಿದವರಿದ್ದಾರೆ, ಮೈಕಿನಲ್ಲಿ ಹೊಗಳಿದವರಿದ್ದಾರೆ. ಯಾರೂ ಅಷ್ಟು ದೊಡ್ಡ ಮಾತು ಆಡಿಲ್ಲ. ನೆಂಟರ ತಲೆಗೆ ಆ ಕೇರಿಯಲ್ಲಿ ಹೊರೆ ಇಡುವುದಿಲ್ಲ. ಸಿಂಬಿ ಸುತ್ತಲು ಬರದೆ ಒದ್ದಾಡಿದಾಗ ಅವಳೇ ನನ್ನ ದುಪಟ್ಟಾ ಕಿತ್ತು ಸುತ್ತಿ ತಲೆಗಿಟ್ಟಳು, ಹೊರೆ ಎತ್ತಿಕೊಟ್ಟಳು. ನಾನು ಬೇಸಿಗೆಯ ಬಿಸಿಲಲ್ಲಿ ಸಂಕದ ಮೇಲೆ ಹೆಜ್ಜೆ ಇಟ್ಟೆ. ಹೊರೆ ವಾಲಿದೆ, ನೆಟ್ಟಗೆ ಹಿಡ್ಕ ಅಂತ ಅವಳು ಹಿಂದಿನಿಂದ ಗದರುತ್ತಲೇ ಇದ್ದಳು.